ಹೆಸರು ಕೂಗುವ ಕೋಣೆಯ ಹೊರಗೆ

ಜಿಲ್ಲಾ ಆಸ್ಪತ್ರೆಯ ಹಳೇ ಕಟ್ಟಡದ ತುದಿಯಲ್ಲಿ ಕಿವಿ, ಮೂಗು, ಗಂಟಲು ವಿಭಾಗ. ಅಂಗವೈಕಲ್ಯ ಪ್ರಮಾಣಪತ್ರದ ಪರೀಕ್ಷೆ ನಡೆಯುವ ದಿನವಾದ್ದರಿಂದ ಒಂಬತ್ತು ಗಂಟೆಗೇ ಮೊಗಸಾಲೆ ತುಂಬಿದೆ. ಸಿಮೆಂಟು ಬೆಂಚಿನಲ್ಲಿ ಜಾಗ ಸಿಗದವರು ಮೆಟ್ಟಿಲ ಮೇಲೆ ಕೂತಿದ್ದಾರೆ. ಎಲ್ಲರ ಕೈಯಲ್ಲೂ ಒಂದೊಂದು ಪ್ಲಾಸ್ಟಿಕ್ ಕವರು; ಅದರೊಳಗೆ ಆಧಾರ್, ರೇಷನ್ ಕಾರ್ಡು, ಫೋಟೊ, ಆವತ್ತಿನ ಓಪಿಡಿ ಚೀಟಿ. ಬಾಗಿಲು ಅರ್ಧ ತೆರೆಯುತ್ತದೆ. ಸಿಸ್ಟರ್ ಒಬ್ಬರು ತಲೆ ಹೊರಗೆ ಹಾಕಿ ಒಂದು ಹೆಸರು ಕೂಗುತ್ತಾರೆ. ಯಾರೂ ಏಳುವುದಿಲ್ಲ. ಇನ್ನೊಮ್ಮೆ, ತುಸು ಜೋರಾಗಿ. ಮೂರನೇ ಸಲ ಅಪ್ಪನ ಹೆಸರು, ಊರಿನ ಹೆಸರು ಎರಡೂ ಸೇರಿಸಿ ಕೂಗಿದಾಗ, ಕಂಬದ ಬಳಿ ಎಲೆಗೆ ಸುಣ್ಣ ಸವರುತ್ತಿದ್ದ ತಾಯಿಯೊಬ್ಬಳು ಗಡಬಡಿಸಿ ಎದ್ದು ಬೆಂಚಿನಲ್ಲಿದ್ದ ಮಗನ ತೋಳು ತಟ್ಟುತ್ತಾಳೆ. ಆತ ಅಷ್ಟು ಹೊತ್ತೂ ಬಾಗಿಲನ್ನೇ ನೋಡುತ್ತಿದ್ದ. ಸಿಸ್ಟರ ತುಟಿ ಅಲ್ಲಾಡಿದ್ದು ಮೂರು ಸಲವೂ ಅವನಿಗೆ ಕಂಡಿತ್ತು. ಅಲ್ಲಾಡಿದ್ದು ತನ್ನ ಹೆಸರಿಗೋ ಪಕ್ಕದವನ ಹೆಸರಿಗೋ ಎಂದು ತಿಳಿಯುವ ದಾರಿ ಮಾತ್ರ ಇರಲಿಲ್ಲ.

“ಎಷ್ಟು ಸಲ ಕೂಗೋದಮ್ಮಾ? ಕಿವಿ ಕೇಳಲ್ವಾ?” ಎಂದು ಸಿಸ್ಟರ್ ರೇಗುತ್ತಾರೆ. ಅಂದ ಮೇಲೆ ಅವರಿಗೇ ನಗು ತಡೆಯಲಾಗುವುದಿಲ್ಲ. ತಾಯಿಯೂ ನಗುತ್ತಾಳೆ. “ಅದುಕ್ಕೇ ಬಂದಿರೋದು ಸಿಸ್ಟರ್.”

ಒಳಗೆ ಸದ್ದು ನುಸುಳದಂತೆ ಕಟ್ಟಿದ ಪುಟ್ಟ ಕೋಣೆ. ಗಾಜಿನಾಚೆ ಕೂತ ಆಡಿಯಾಲಜಿಸ್ಟ್ ಯಂತ್ರದ ತಿರುಗಣೆಗೆ ಕೈಹಾಕುವ ಮೊದಲು ಯುವಕನಿಗೆ ಒಂದು ಮಾತು ತಿಳಿಸಬೇಕು: ಸದ್ದು ಕೇಳಿಸಿದ ಕೂಡಲೆ ಬೆರಳೆತ್ತಬೇಕು. ಈ ಕೆಲಸದಲ್ಲಿ ಪಳಗಿದವರು ಅವರು. ಮಾತಿನ ಗೋಜಿಗೇ ಹೋಗದೆ ಹೆಡ್‌ಫೋನನ್ನು ತಮ್ಮ ತಲೆಗೆ ಏರಿಸಿಕೊಂಡು, ಕಣ್ಣರಳಿಸಿ, ತೋರುಬೆರಳೆತ್ತಿ, ಇಳಿಸಿ ತೋರಿಸುತ್ತಾರೆ. ಯುವಕ ತಲೆಯಾಡಿಸುತ್ತಾನೆ. ಪರೀಕ್ಷೆ ಶುರುವಾಗುತ್ತದೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರದ ಗುರುತು ಕಾಗದದ ಮೇಲೆ ಒಂದೊಂದಾಗಿ ಬೀಳುತ್ತ ಹೋಗುತ್ತವೆ. ಗುರುತುಗಳು ಕಾಗದದ ತಳಕ್ಕೆ ಇಳಿದಷ್ಟೂ ಕೇಳಿಸುವುದು ಕಡಿಮೆ ಎಂದರ್ಥ. ಇವನವು ತಳದಲ್ಲೇ ಕೂತಿವೆ. ಆ ಬೆಳಗ್ಗೆ ಇಡೀ ಆಸ್ಪತ್ರೆಯಲ್ಲಿ ಅವನಿಗೆ ತಿಳಿಯುವ ಹಾಗೆ ಮಾತಾಡಿದವರು ಈ ಒಬ್ಬರೇ. ಅವರು ಬಾಯಿ ತೆರೆಯಲೇ ಇಲ್ಲ.

ಎದುರಾಬದುರು ಕೂತು ಮಾತಾಡುವಾಗ ನಮ್ಮ ದನಿ ಹೆಚ್ಚುಕಡಿಮೆ 60 ಡೆಸಿಬೆಲ್ ಇರುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 70 ಡೆಸಿಬೆಲ್ ಶ್ರವಣ ನಷ್ಟವಾದವರನ್ನು ಕಿವುಡರೆಂದೂ, 60ರಿಂದ 70ರ ನಡುವೆ ಇರುವವರನ್ನು ಮಂದ ಶ್ರವಣದವರೆಂದೂ ಗುರುತಿಸುತ್ತದೆ. ಪರೀಕ್ಷೆ ಮುಗಿದು, ವೈದ್ಯಕೀಯ ಮಂಡಳಿಯ ಸಹಿ ಬಿದ್ದು, ಕೆಲವು ವಾರಗಳ ಮೇಲೆ ಕೈಸೇರುವ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನಲ್ಲಿ ಅವನಿಗೆ ಎಷ್ಟು ಕೇಳಿಸದು ಎಂಬುದು ಶೇಕಡಾ ಲೆಕ್ಕದಲ್ಲಿ ಅಚ್ಚಾಗಿರುತ್ತದೆ. ಆ ಕಾರ್ಡು ಹಿಡಿದು ಅವನು ಹೋಗುವ ಕಚೇರಿಗೆ ಅವನೊಡನೆ ಮಾತಾಡಲು ಎಷ್ಟು ಬರುತ್ತದೆ ಎಂದು ಅಳೆಯುವ ಯಂತ್ರ ಮಾತ್ರ ಯಾವ ಆಸ್ಪತ್ರೆಯಲ್ಲೂ ಇಲ್ಲ.

2011ರ ಜನಗಣತಿಯಲ್ಲಿ ಶ್ರವಣದ ತೊಂದರೆ ಇದೆಯೆಂದು ಬರೆಸಿದವರು ದೇಶದಲ್ಲಿ 50 ಲಕ್ಷಕ್ಕೂ ಹೆಚ್ಚು ಮಂದಿ. ಕಿವಿಯ ವಿದ್ಯೆಯಲ್ಲಿ ನಾವೇನೂ ಹಿಂದುಳಿದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ತಲೆಮಾರುಗಳಿಂದ ತಜ್ಞರನ್ನು ತಯಾರು ಮಾಡುತ್ತ ಬಂದಿದೆ. ಅದರ ಅಂಗಳದಲ್ಲಿ ಕಂಕುಳ ಕೂಸಿನೊಂದಿಗೆ ಕಾದ ತಾಯಂದಿರು ರಾಜ್ಯದ ಎಲ್ಲ ಮೂಲೆಯಲ್ಲೂ ಸಿಗುತ್ತಾರೆ. ಕಿವಿಯನ್ನು ಅಳೆಯಲು, ಮಿಷನ್ ಕೂರಿಸಲು, ಕಾಕ್ಲಿಯರ್ ಇಂಪ್ಲಾಂಟ್ ಮಾಡಿಸಲು ದಾರಿಗಳಾಗಿವೆ. ಅಲ್ಲಿಂದ ಹೊರಬಿದ್ದು ಬ್ಯಾಂಕು, ತಾಲ್ಲೂಕು ಕಚೇರಿ, ಪೊಲೀಸ್ ಠಾಣೆಯ ಹೊಸ್ತಿಲು ತುಳಿದಾಗ ಏನಾಗುತ್ತದೆ ಎನ್ನುವುದೇ ಬೇರೆ ಕಥೆ.

*

ಒಂದು ಬ್ಯಾಂಕು. ತಿಂಗಳ ಮೊದಲ ವಾರ, ಪಿಂಚಣಿಯವರ ಸಾಲು. ಸಂಧ್ಯಾ ಸುರಕ್ಷೆಯ 1,200 ರೂಪಾಯಿ ಬಂತೋ ಇಲ್ಲವೋ ಕೇಳಲು ಬಂದ ಅಜ್ಜಿಯ ಕಿವಿಯ ಹಿಂದೆ ಸಿಮೆಂಟು ಬಣ್ಣದ ಮಿಷನ್ ಇದೆ. ತಲೆ ಮೇಲೆ ಗರಗರ ಅನ್ನುವ ಫ್ಯಾನು, ಪಕ್ಕದಲ್ಲಿ ನೋಟು ಎಣಿಸುವ ಯಂತ್ರ, ಹಿಂದೆ ಇಪ್ಪತ್ತು ಜನರ ಗುಜುಗುಜು. ಕನ್ನಡಕ ಹಾಕಿದರೆ ಅಕ್ಷರ ತಿಳಿಯಾಗುವ ಹಾಗೆ ಮಿಷನ್ ಹಾಕಿದರೆ ಮಾತು ತಿಳಿಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಆದರೆ ಮಿಷನ್ನು ಇಂಥ ಜಾಗದಲ್ಲಿ ಫ್ಯಾನು, ಯಂತ್ರ, ಗುಜುಗುಜು ಎಲ್ಲವನ್ನೂ ಮಾತಿನ ಜೊತೆಗೇ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ಅಜ್ಜಿ ಗಾಜಿನ ಕಿಂಡಿಗೆ ಮುಖ ಒತ್ತಿ “ಏನಂದೆ ಮಗಾ?” ಅನ್ನುತ್ತಾಳೆ. ಗುಮಾಸ್ತ ಕಂಪ್ಯೂಟರಿನಿಂದ ಮುಖ ಎತ್ತದೆ ಹೇಳಿದ್ದನ್ನೇ ಹೇಳುತ್ತಾನೆ. ಮೂರನೇ ಸಲಕ್ಕೆ ದನಿ ಏರುತ್ತದೆ: “ಅಜ್ಜಿ, ಈ ತಿಂಗ್ಳು ದುಡ್ಡು ಬಿದ್ದಿದೆ! ಒಟ್ಟು ಆರು ಸಾವಿರದ ನಾನೂರಿದೆ ಖಾತೇಲಿ!”

ಅಜ್ಜಿಗೆ ಕೇಳಿಸಿತು. ಸಾಲಿನಲ್ಲಿದ್ದ ಇಪ್ಪತ್ತು ಜನಕ್ಕೂ ಕೇಳಿಸಿತು. ಬಾಗಿಲಲ್ಲಿ ನಿಂತಿದ್ದ ಅವಳ ಮೊಮ್ಮಗನಿಗೂ ಕೇಳಿಸಿತು. ಅವನಿಗೆ ಕೇಳಿಸಬಾರದು ಎಂದೇ ಆಕೆ ಒಬ್ಬಳೇ ಕೌಂಟರಿಗೆ ಬಂದಿದ್ದಳು. ಗುಮಾಸ್ತ ಕೆಟ್ಟವನಲ್ಲ. ಒಂದು ಚೀಟಿಯ ಮೇಲೆ 6,400 ಎಂದು ಬರೆದು ಕಿಂಡಿಯಿಂದ ತಳ್ಳಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು, ಅಜ್ಜಿಯ ಗುಟ್ಟೂ ಉಳಿಯುತ್ತಿತ್ತು. ಅದು ಅವನಿಗೆ ಹೊಳೆಯಲಿಲ್ಲ, ಹೊಳೆಯುವ ಹಾಗೆ ಯಾರೂ ಹೇಳಿಕೊಟ್ಟೂ ಇರಲಿಲ್ಲ.

ತುಟಿ ನೋಡಿದರೆ ತಿಳಿಯುತ್ತದಲ್ಲ ಎನ್ನುವವರೂ ಇದ್ದಾರೆ. ಕನ್ನಡಿಯ ಮುಂದೆ ನಿಂತು ದನಿ ಹೊರಡಿಸದೆ ‘ಮರ’, ‘ಬರ’, ‘ಪರ’ ಅಂದುನೋಡಿ. ಮೂರಕ್ಕೂ ತುಟಿ ಮುಚ್ಚಿ ತೆರೆಯುವುದು ಒಂದೇ ಥರ. ಕ, ಗ, ಹ ಗಂಟಲ ಬಳಿ ಹುಟ್ಟುವ ಅಕ್ಷರಗಳು, ತುಟಿಯ ಮೇಲೆ ಅವುಗಳ ಸುಳಿವೇ ಇಲ್ಲ. ತಾಲ್ಲೂಕು ಕಚೇರಿಯಲ್ಲಿ ‘ಬರ ಪರಿಹಾರ’ ಕೇಳಲು ಬಂದವನಿಗೆ ಗ್ರಾಮ ಆಡಳಿತ ಅಧಿಕಾರಿ ಮೀಸೆಯ ಮರೆಯಿಂದ, ಬಾಯಲ್ಲಿ ಅಡಿಕೆ ಇಟ್ಟುಕೊಂಡು, ಕಡತ ಹುಡುಕುತ್ತ ಬಗ್ಗಿಕೊಂಡೇ ಉತ್ತರ ಕೊಟ್ಟರೆ, ಎದುರು ನಿಂತವನು ಊಹೆಯ ಮೇಲೆ ಊಹೆ ಕಟ್ಟಬೇಕು. ತುಟಿ ಓದುವವರು ಮಾತಿನ ವಿಷಯ ಮೊದಲೇ ಗೊತ್ತಿದ್ದರೆ ಮಾತ್ರ ನಡುನಡುವಿನ ತೇಪೆ ಹಾಕಿಕೊಳ್ಳಬಲ್ಲರು. ವಿಷಯ ಗೊತ್ತಿಲ್ಲದ್ದಕ್ಕೇ ತಾನೆ ಜನ ಕಚೇರಿಗೆ ಬರುವುದು? 2020ರಲ್ಲಿ ಊರಿಗೂರೇ ಮಾಸ್ಕ್ ಕಟ್ಟಿದಾಗ ಇದ್ದ ಆ ಅರ್ಧ ದಾರಿಯೂ ಮುಚ್ಚಿತು. ಲಸಿಕೆಯ ಕೇಂದ್ರದಲ್ಲಿ, ಕೋವಿಡ್ ವಾರ್ಡಿನಲ್ಲಿ, ಪಡಿತರದ ಅಂಗಡಿಯಲ್ಲಿ ಕಿವುಡರ ಎದುರು ನಿಂತದ್ದು ಬರೀ ಕಣ್ಣುಗಳು.

“ಹಂಗಾದ್ರೆ ಬರೆದುಕೊಡಿ” ಎಂಬುದು ಇನ್ನೊಂದು ಸಲಹೆ. ಓದುಬರಹ ಬಲ್ಲ ಮೇಲೆ ಕೇಳುವುದು ನಿಂತವರಿಗೆ ಇದು ಚೆನ್ನಾಗಿಯೇ ಒಗ್ಗುತ್ತದೆ. ಹುಟ್ಟು ಕಿವುಡರದ್ದು ಬೇರೆ ಸಂಗತಿ. ಮಗು ಮನೆಮಾತನ್ನು ಕಲಿಯುವುದು ಕಿವಿಯಿಂದ. ಜಗಲಿಯ ಹರಟೆ, ಅಜ್ಜಿಯ ಬೈಗುಳ, ರೇಡಿಯೊ ಹಾಡು ಎಲ್ಲ ಸೇರಿ ಐದು ವರ್ಷದೊಳಗೆ ಕನ್ನಡ ಒಳಗಿಳಿದಿರುತ್ತದೆ, ಶಾಲೆ ಅದಕ್ಕೆ ಅಕ್ಷರ ತೊಡಿಸುತ್ತದೆ ಅಷ್ಟೆ. ಕೇಳಿಸದ ಮಗುವಿಗೆ ಆ ಐದು ವರ್ಷ ಖಾಲಿ. ಸನ್ನೆ ಭಾಷೆ ಸಿಕ್ಕ ಮಕ್ಕಳು ಅದರಲ್ಲಿ ಬೆಳೆಯುತ್ತಾರೆ. ಆದರೆ ನಮ್ಮ ಕಿವುಡ ಮಕ್ಕಳ ಶಾಲೆಗಳು ಬಹುಕಾಲ ಕೈ ಕಟ್ಟಿಸಿ ಬಾಯಿ ತಿದ್ದುವುದನ್ನೇ ಪಾಠವೆಂದುಕೊಂಡಿದ್ದವು. ಹಾಗಾಗಿ ಹತ್ತನೇ ತರಗತಿ ಮುಗಿಸಿದ ಕಿವುಡ ಯುವತಿಗೆ ಕನ್ನಡ ಎರಡನೇ ಭಾಷೆ, ಅದೂ ಪುಸ್ತಕದಿಂದ ಮಾತ್ರ ಕಲಿತದ್ದು. ‘ಮೇಲ್ಕಂಡ ಅರ್ಜಿದಾರರು ಸದರಿ ಜಮೀನಿನ ಪಹಣಿಯಲ್ಲಿ’ ಎಂದು ಶುರುವಾಗುವ ಕಾಗದ ಕೇಳಿಸುವವರಿಗೇ ಅರ್ಥವಾಗದು. ಆಕೆಗೆ ಅದನ್ನು ಬರೆದು ತೋರಿಸಿ “ಓದ್ಕೊಳಮ್ಮ” ಅಂದರೆ ಕೆಲಸ ಮುಗಿಯಲಿಲ್ಲ, ಶುರುವಾಯಿತು.

ಭಾರತೀಯ ಸನ್ನೆ ಭಾಷೆಗೆ ಅದರದೇ ವ್ಯಾಕರಣವಿದೆ. ಪ್ರಶ್ನೆಯ ‘ಏನು’, ‘ಯಾಕೆ’ ವಾಕ್ಯದ ಕೊನೆಗೆ ಬರುತ್ತದೆ. ಹೌದೋ ಅಲ್ಲವೋ ಎಂಬ ಪ್ರಶ್ನೆ ಬೆರಳಲ್ಲಿರುವುದಿಲ್ಲ, ಮೇಲೇರಿದ ಹುಬ್ಬಿನಲ್ಲಿರುತ್ತದೆ. ಕಳೆದದ್ದು ಹೆಗಲಿನ ಹಿಂದಕ್ಕೆ, ಬರುವುದು ಎದೆಯ ಮುಂದಕ್ಕೆ. ಕೈ ಎಷ್ಟು ಮಾತಾಡುತ್ತದೋ ಮುಖವೂ ಅಷ್ಟೇ ಮಾತಾಡುತ್ತದೆ. ನಾವು ಕೈಬಾಯಿ ಸನ್ನೆ ಮಾಡಿ “ಊಟ ಆಯ್ತಾ” ಎಂದು ಕೇಳುವುದಕ್ಕೂ ಇದಕ್ಕೂ ಅಜಗಜಾಂತರ.

*

ಹೆರಿಗೆ ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ಒಮ್ಮೊಮ್ಮೆ ಕಾಣುವ ನೋಟ ಇದು. ಗಂಡ ಹೆಂಡತಿ ಇಬ್ಬರಿಗೂ ಕೇಳಿಸುವುದಿಲ್ಲ. ನಡುವೆ ಎಂಟು ವರ್ಷದ ಮಗಳು, ಶಾಲೆಯ ಯೂನಿಫಾರಂನಲ್ಲೇ. ಡಾಕ್ಟರು ಮಗುವನ್ನು ನೋಡಿ ಕೇಳುತ್ತಾರೆ, “ಅಮ್ಮಂಗೆ ತಿಂಗಳ ಮುಟ್ಟು ಸರಿಯಾಗಿ ಆಗ್ತಿದ್ಯಾ ಕೇಳು.” ಮಗು ಒಮ್ಮೆ ಡಾಕ್ಟರನ್ನು, ಒಮ್ಮೆ ಅಮ್ಮನನ್ನು ನೋಡುತ್ತದೆ. ಆ ಮಾತಿಗೆ ಏನು ಸನ್ನೆ ಎಂದು ಅದಕ್ಕೆ ಗೊತ್ತಿಲ್ಲ, ಅದು ಏನು ಎಂಬುದೂ ಗೊತ್ತಿಲ್ಲ. ‘ಹೊಟ್ಟೆ ನೋವಾ?’ ಎಂದು ಕೈಯಲ್ಲಿ ಕೇಳುತ್ತದೆ. ಅಮ್ಮ ಹೌದೆನ್ನುತ್ತಾಳೆ. “ಹೂಂ ಅಂತೆ” ಎಂದು ಮಗು ಡಾಕ್ಟರಿಗೆ ವರದಿ ಒಪ್ಪಿಸುತ್ತದೆ. ಡಾಕ್ಟರು ಬರೆದುಕೊಳ್ಳುತ್ತಾರೆ. ಕೇಸ್ ಶೀಟಿನಲ್ಲಿ ಒಂದು ತಪ್ಪು ಉತ್ತರ ಸರಾಗವಾಗಿ ಕೂತುಬಿಡುತ್ತದೆ.

ಕಿವುಡರ ಮನೆಗಳಲ್ಲಿ ಹುಟ್ಟಿದ ಕೇಳಿಸುವ ಮಕ್ಕಳು ಬಾಲ್ಯದಿಂದಲೇ ಸರ್ಕಾರದ ಸಂಬಳವಿಲ್ಲದ ದುಭಾಷಿಗಳು. ಬ್ಯಾಂಕಿನ ಸಾಲ, ಬಾಡಿಗೆಯ ಜಗಳ, ಅಪ್ಪನ ಬಯಾಪ್ಸಿಯ ಫಲಿತಾಂಶ ಎಲ್ಲವೂ ಮೊದಲು ಅವರ ಕಿವಿಗೆ ಬಿದ್ದು ಆಮೇಲೆ ದೊಡ್ಡವರಿಗೆ ತಲುಪುತ್ತವೆ. ಮಕ್ಕಳಿಲ್ಲದವರು ಅಣ್ಣನನ್ನೋ ನೆರೆಯವರನ್ನೋ ಕರೆತರುತ್ತಾರೆ. ‘ಜೊತೆಯಲ್ಲಿ ಯಾರಾದ್ರೂ ಬಂದಿದಾರಾ?’ ಕಿವುಡರು ನಮ್ಮ ಯಾವ ಕಚೇರಿಗೆ ಹೋದರೂ ಎದುರಾಗುವ ಮೊದಲ ಪ್ರಶ್ನೆ ಇದು. ಜೊತೆಗೆ ಬಂದವರ ಕಡೆ ತಿರುಗಿದ ಮುಖ ಕೆಲಸ ಮುಗಿಯುವ ತನಕ ಈ ಕಡೆ ತಿರುಗುವುದಿಲ್ಲ. ಆಸ್ತಿ ಭಾಗ ಮಾಡಿಕೊಳ್ಳುವ ಅಣ್ಣನೇ ತಮ್ಮನ ಪರವಾಗಿ ನೋಂದಣಿ ಕಚೇರಿಯಲ್ಲಿ ಮಾತಾಡಿದರೆ, ಹೊಡೆಯುವ ಗಂಡನೇ ಹೆಂಡತಿಯ ಪರವಾಗಿ ಠಾಣೆಯಲ್ಲಿ ಮಾತಾಡಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನುಗಳಲ್ಲಿ ಜೊತೆಗಾರರಿಲ್ಲದೆ ಬರುವವರೇ ಹೆಚ್ಚು. ಅವರು ಕಂಡುಕೊಂಡ ಉಪಾಯಗಳೂ ಬಗೆಬಗೆಯವು. ರೈಲು ಎರಡನೇ ಪ್ಲಾಟ್‌ಫಾರಂ ಬದಲು ಐದಕ್ಕೆ ಬರುತ್ತದೆ ಎಂದು ಧ್ವನಿವರ್ಧಕ ಮೂರು ಭಾಷೆಗಳಲ್ಲಿ ಸಾರುತ್ತದೆ; ಬೋರ್ಡು ಬದಲಾಗುವುದು ತಡವಾಗಿ. ಅನುಭವಸ್ಥ ಕಿವುಡ ಪ್ರಯಾಣಿಕ ಬೋರ್ಡನ್ನು ನಂಬಿ ಕೂರುವುದಿಲ್ಲ, ಜನರನ್ನು ನೋಡುತ್ತ ಕೂರುತ್ತಾನೆ. ಎದುರಿನ ಸಂಸಾರ ಒಮ್ಮೆಲೇ ಗಂಟುಮೂಟೆ ಎತ್ತಿತೆಂದರೆ ತಾನೂ ಎದ್ದ. ರಾತ್ರಿ ಬಸ್ಸು ಹತ್ತಿದವನು ಇಳಿಯುವ ಊರಿನ ಹೆಸರನ್ನು ಮೊಬೈಲಿನಲ್ಲಿ ದೊಡ್ಡದಾಗಿ ಬರೆದು ಕಂಡಕ್ಟರಿಗೆ ತೋರಿಸಿ, ಮಲಗಿದ್ದರೆ ಭುಜ ಅಲ್ಲಾಡಿಸುವಂತೆ ಕೈಯಲ್ಲೇ ಹೇಳಿ ಒಪ್ಪಿಸಿರುತ್ತಾನೆ. ಬೆಂಗಳೂರಿನ ಮೆಟ್ರೊ ಬೋಗಿಯಲ್ಲಿ ಮುಂದಿನ ನಿಲ್ದಾಣದ ಹೆಸರು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತೆರೆಯ ಮೇಲೆ ಮೂಡುತ್ತದೆ. ಅಲ್ಲಿ ಮಾತ್ರ ಅವನು ನಿಶ್ಚಿಂತೆಯಿಂದ ಕಿಟಕಿಯಾಚೆ ನೋಡುತ್ತ ನಿಲ್ಲಬಲ್ಲ. ಆ ತೆರೆಯನ್ನು ಕಿವುಡರಿಗೆಂದೇ ಹಾಕಿದ್ದಲ್ಲ. ಇಯರ್‌ಫೋನ್ ಹಾಕಿಕೊಂಡ ಹುಡುಗರೂ, ಊರಿಗೆ ಹೊಸಬರೂ ಅದನ್ನೇ ನೋಡಿ ಇಳಿಯುತ್ತಾರೆ.

ಮೊಬೈಲು ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಂಡಿತು. 2016ರ ಹೊತ್ತಿಗೆ 4ಜಿ ಅಗ್ಗವಾದ ಮೇಲೆ ಕಿವುಡರು ಜೀವನದಲ್ಲಿ ಮೊದಲ ಸಲ ದೂರದವರೊಡನೆ ತಮ್ಮ ಭಾಷೆಯಲ್ಲೇ ಮಾತಾಡಿದರು. ಸಂಜೆ ಕೆಲಸ ಬಿಟ್ಟ ಮೇಲೆ ಯಾವುದಾದರೂ ಪಾರ್ಕಿನ ಕಟ್ಟೆಯ ಮೇಲೆ ಫೋನನ್ನು ನೀರಿನ ಬಾಟಲಿಗೆ ಒರಗಿಸಿ, ಎರಡೂ ಕೈ ಬಿಡುವು ಮಾಡಿಕೊಂಡು ವಿಡಿಯೊ ಕರೆಯಲ್ಲಿ ಹರಟುವವರನ್ನು ನೀವೂ ನೋಡಿರಬಹುದು. ಅಲ್ಲಿ ಚಾಡಿಯಿದೆ, ಕ್ರಿಕೆಟ್ಟಿದೆ, ಸಂಬಳದ ಗೊಣಗಾಟವಿದೆ, ಪಕ್ಕದವರು ಬೆಚ್ಚಿಬೀಳುವಂಥ ನಗುವಿದೆ. ಅದೇ ಫೋನು ಬ್ಯಾಂಕಿನ ಕೆಲಸಕ್ಕೆ ಕೈಕೊಡುತ್ತದೆ. ಎಟಿಎಂ ಕಾರ್ಡು ಕಳೆದರೆ ಕಸ್ಟಮರ್ ಕೇರಿಗೆ ಕರೆ ಮಾಡಬೇಕು. ಅಣ್ಣನಿಂದ ಮಾಡಿಸಿದರೆ “ಖಾತೆದಾರರೇ ಮಾತಾಡಬೇಕು” ಎನ್ನುತ್ತಾರೆ. ಕೊರಿಯರಿನವನು ಮೂರು ಸಲ ಕರೆ ಮಾಡಿ, ಎತ್ತಲಿಲ್ಲವೆಂದು ಪೊಟ್ಟಣ ವಾಪಸು ಒಯ್ಯುತ್ತಾನೆ. ತುರ್ತು ನಂಬರ್ 112ಕ್ಕೆ ಕರೆಯ ಜೊತೆಗೆ ಎಸ್ಸೆಮ್ಮೆಸ್ಸೂ ಕಳಿಸಬಹುದು, ಅದರ ಆ್ಯಪಿನಲ್ಲಿ ಒತ್ತುವ ಗುಂಡಿಯೂ ಇದೆ. ಆ ಗುಂಡಿ ಯಾರಿಗೆ ಹೆಚ್ಚು ಬೇಕೋ ಅವರಿಗೆ ಅವರ ಭಾಷೆಯಲ್ಲಿ ಹೇಳಿಕೊಟ್ಟವರು ಕಡಿಮೆ.

*

ಇದೆಲ್ಲ ವಿಧಿಬರಹ, ಕೇಳಿಸದವರ ಪಾಡೇ ಹೀಗೆ ಎಂದು ಕೈಚೆಲ್ಲುವವರು ಬೆಂಗಳೂರಿನಿಂದ ಉತ್ತರಕ್ಕೆ ಎರಡು ತಾಸು ಪ್ರಯಾಣ ಮಾಡಬೇಕು. ಚಿಕ್ಕಬಳ್ಳಾಪುರ ಜಿಲ್ಲೆ ಗೌರಿಬಿದನೂರು ತಾಲ್ಲೂಕಿನ ಅಲೀಪುರ ಶಿಯಾ ಮುಸ್ಲಿಮರು ಹೆಚ್ಚಾಗಿರುವ ದೊಡ್ಡ ಊರು. ಹರಳು ಕತ್ತರಿಸಿ ಹೊಳಪು ಕೊಟ್ಟು ಮಾರುವ ವ್ಯಾಪಾರಕ್ಕೆ ಹೆಸರಾದದ್ದು; ಇಲ್ಲಿನವರು ಹರಳಿನ ಪೊಟ್ಟಣ ಹಿಡಿದು ದೇಶಾಂತರ ಹೋಗಿಬರುತ್ತಾರೆ. ಮನೆಮಾತು ಉರ್ದು, ಪೇಟೆಗೆ ಕನ್ನಡ, ತೆಲುಗು. ಇವುಗಳ ಜೊತೆಗೆ ಊರಿಗೆ ಇನ್ನೂ ಒಂದು ಭಾಷೆಯಿದೆ, ಅದು ಕೈಯದು.

ಸಂಬಂಧದೊಳಗೇ ಮದುವೆಗಳು ನಡೆಯುತ್ತ ಬಂದ ಊರಾದ್ದರಿಂದ ಅಲ್ಲಿ ಹುಟ್ಟು ಕಿವುಡುತನ ತಲೆಮಾರುಗಳಿಂದ ಇಳಿದುಬಂದಿದೆ. ಕಿವುಡರ ಸಂಖ್ಯೆ ನೂರಕ್ಕೂ ಮೇಲೆ. ಅಷ್ಟು ಜನ ಒಂದೇ ಊರಿನಲ್ಲಿ ಕಾಲಾಂತರದಿಂದ ಬಾಳಿದಾಗ ಒಂದು ಸನ್ನೆ ಭಾಷೆ ತಾನಾಗಿ ಬೆಳೆಯಿತು. ದೇಶದ ಶಾಲೆಗಳಲ್ಲಿ, ನಗರಗಳಲ್ಲಿ ಬಳಕೆಯಲ್ಲಿರುವ ಭಾರತೀಯ ಸನ್ನೆ ಭಾಷೆಗೂ ಅದಕ್ಕೂ ಸಂಬಂಧವಿಲ್ಲ. ಸ್ವತಃ ಕಿವುಡರಾದ ಭಾಷಾವಿಜ್ಞಾನಿ ಸಿಬಾಜಿ ಪಾಂಡಾ ಈ ಭಾಷೆಯನ್ನು ಅಭ್ಯಾಸ ಮಾಡಿ ಬರೆದ ಮೇಲೆ ಅಲೀಪುರದ ಹೆಸರು ಜಗತ್ತಿನ ಸನ್ನೆ ಭಾಷೆಗಳ ಪಟ್ಟಿ ಸೇರಿತು. ಘಾನಾದ ಅಡಮೊರೊಬೆ, ಬಾಲಿಯ ಬೆಂಗ್ಕಾಲಾ ಅದೇ ಪಂಕ್ತಿಯ ಹಳ್ಳಿಗಳು.

ಭಾಷೆ ಹುಟ್ಟಿದ್ದಕ್ಕಿಂತ ಅದು ಹರಡಿದ ಬಗೆ ಹೆಚ್ಚಿನದು. ಅಲೀಪುರದಲ್ಲಿ ಸನ್ನೆ ಬರುವುದು ಕಿವುಡರಿಗಷ್ಟೇ ಅಲ್ಲ. ಮನೆಯಲ್ಲೋ ನೆರೆಯಲ್ಲೋ ಕೆಲಸದ ಜಾಗದಲ್ಲೋ ಕಿವುಡರಿರುವ ಕಾರಣ ಕೇಳಿಸುವವರಿಗೂ ಅದು ಬರುತ್ತದೆ. ಕೆಲವರಿಗೆ ನಿರರ್ಗಳವಾಗಿ, ಕೆಲವರಿಗೆ ಚೌಕಾಸಿ ಮಾಡಿ ಕುಶಲ ವಿಚಾರಿಸುವಷ್ಟು. ದಿನಸಿ ಅಂಗಡಿಯಲ್ಲಿ ಬೇಳೆಯ ಬೆಲೆ ಕೇಳಲು ಕಿವುಡನೊಬ್ಬ ಅಣ್ಣನನ್ನು ಕರೆತರಬೇಕಾಗಿಲ್ಲ. ಮೊಹರಮ್ಮಿನ ಏರ್ಪಾಡು, ಮದುವೆಯ ಮಾತುಕತೆ, ಬೀದಿಯ ರಾಜಕೀಯ ಯಾವುದರಲ್ಲೂ ಅವನು ಮೂಲೆಯ ಮನುಷ್ಯನಲ್ಲ. ಅವನ ಕಿವಿ ಗೌರಿಬಿದನೂರಿನ ಆಸ್ಪತ್ರೆಯಲ್ಲೂ ಅಲೀಪುರದ ಅಂಗಡಿಯಲ್ಲೂ ಒಂದೇ. ಡೆಸಿಬೆಲ್ಲಿನ ಲೆಕ್ಕ ಎಳ್ಳಷ್ಟೂ ಬದಲಾಗುವುದಿಲ್ಲ. ಎದುರಿಗೆ ನಿಂತವರು ಬದಲಾಗಿದ್ದಾರೆ, ಅಷ್ಟೇ.

ಊರನ್ನು ಸ್ವರ್ಗವೆಂದು ಬಣ್ಣಿಸುವುದೂ ಬೇಡ. ಕಿವುಡ ಮಕ್ಕಳಿಗೆ ಶಾಲೆ, ಓದು, ಕೆಲಸ ಅಲ್ಲಿಯೂ ಸುಲಭದ ಮಾತಲ್ಲ. ಓದಲು ಬೆಂಗಳೂರಿನ ಕಡೆಗೆ ಹೋದ ಹುಡುಗರು ಭಾರತೀಯ ಸನ್ನೆ ಭಾಷೆಯನ್ನು ಕಲಿತು ಬರುತ್ತಾರೆ, ಊರಿನ ಹಳೆಯ ಸನ್ನೆಗಳು ಹಿಂದೆ ಸರಿಯುತ್ತಿವೆ. ಹೊರಗಿನ ಕಿವುಡರೊಡನೆ ಬೆರೆಯಲು, ಮುಂದೆ ಓದಲು ಅವರಿಗೆ ಅದು ಬೇಕು ಕೂಡ. ಊರಿನ ಭಾಷೆ ಉಳಿಯುತ್ತದೋ ಇಲ್ಲವೋ, ಅದು ತೋರಿಸಿಕೊಟ್ಟದ್ದು ಉಳಿಯುತ್ತದೆ: ಎಲ್ಲರ ಕೈಗೂ ಒಂದಿಷ್ಟು ಭಾಷೆ ಬಂದರೆ ಕೇಳಿಸದಿರುವುದು ಕೊರತೆಯಾಗಿ ಕಾಣುವ ಸಂದರ್ಭಗಳೇ ಕಡಿಮೆಯಾಗುತ್ತವೆ.

*

ಸರ್ಕಾರ ಸುಮ್ಮನೆ ಕೂತಿಲ್ಲ, ಓಡಿಯೂ ಇಲ್ಲ. ದೂರದರ್ಶನ 1987ರಲ್ಲೇ ಕಿವುಡರಿಗಾಗಿ ವಾರದ ಸುದ್ದಿ ಶುರುಮಾಡಿತ್ತು. ಅಲ್ಲಿಂದ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ತೆರೆಯಲು 2015 ಬರಬೇಕಾಯಿತು. ಕೇಂದ್ರವು 2018ರಲ್ಲಿ 3,000 ಪದಗಳ ಸನ್ನೆ ನಿಘಂಟು ತಂದಿತು. 2021ರ ಹೊತ್ತಿಗೆ ಅದು 10,000 ಮುಟ್ಟಿತು. ಬ್ಯಾಂಕು, ನ್ಯಾಯಾಲಯ, ಆಸ್ಪತ್ರೆಯ ಮಾತುಗಳು ಅದರಲ್ಲಿ ಸೇರಿವೆ. 2023ರ ಸೆಪ್ಟೆಂಬರ್ 23ರ ಸನ್ನೆ ಭಾಷಾ ದಿನದಂದು ವಾಟ್ಸಾಪ್ ವಿಡಿಯೊ ಕರೆಯ ಮೂಲಕ ದುಭಾಷಿ ಸಿಗುವ ಸೇವೆಗೂ ಚಾಲನೆ ಸಿಕ್ಕಿತು. ಅದರ ಕ್ರಮ ಸರಳ: ಕೌಂಟರಿನ ಮುಂದೆ ನಿಂತವನು ಫೋನು ತೆರೆದು ದುಭಾಷಿಗೆ ಸನ್ನೆಯಲ್ಲಿ ಹೇಳುತ್ತಾನೆ, ಆಕೆ ಅದನ್ನು ಸ್ಪೀಕರಿನಲ್ಲಿ ಗುಮಾಸ್ತನಿಗೆ ಹೇಳುತ್ತಾಳೆ, ಗುಮಾಸ್ತನ ಉತ್ತರ ತೆರೆಯ ಮೇಲೆ ಕೈಯಾಗಿ ಮರಳುತ್ತದೆ. ಇಬ್ಬರ ನಡುವೆ ಬೇಕಾದದ್ದು ಒಂದು ಫೋನು, ಒಂದಿಷ್ಟು ಸಿಗ್ನಲ್ಲು, ಮತ್ತು “ಇದೆಲ್ಲ ಇಲ್ಲಿ ಆಗಲ್ಲ” ಎಂದು ಫೋನನ್ನು ಪಕ್ಕಕ್ಕೆ ತಳ್ಳದ ಗುಮಾಸ್ತ.

ಕಾನೂನಿನಲ್ಲಿ ಬಾಗಿಲುಗಳು ಇನ್ನೂ ಅಗಲವಾಗಿವೆ. 2016ರ ಕಾಯ್ದೆ ಸಾರ್ವಜನಿಕ ಮಾಹಿತಿ ಅಂಗವಿಕಲರಿಗೆ ನಿಲುಕುವ ರೂಪದಲ್ಲಿ ಇರಬೇಕೆನ್ನುತ್ತದೆ. ಟಿವಿ ಕಾರ್ಯಕ್ರಮಗಳಿಗೆ ಸನ್ನೆ ಭಾಷೆ, ಅಡಿಬರಹ ಬೇಕೆಂದು ಬಿಡಿಸಿ ಹೇಳುತ್ತದೆ. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗಿರುವ ಶೇ 4ರ ಮೀಸಲಾತಿಯಲ್ಲಿ ಶೇ 1 ಕಿವುಡರಿಗೆ ಮತ್ತು ಮಂದ ಶ್ರವಣದವರಿಗೆ. ಲೈಂಗಿಕ ದೌರ್ಜನ್ಯಕ್ಕೆ ಗುರಿಯಾದ ಅಂಗವಿಕಲ ಮಹಿಳೆಯ ದೂರನ್ನು ಆಕೆಯ ಮನೆಯಲ್ಲೋ ಆಕೆ ಹೇಳಿದ ಜಾಗದಲ್ಲೋ, ದುಭಾಷಿಯನ್ನು ಕೂರಿಸಿಕೊಂಡು, ವಿಡಿಯೊ ಮಾಡಿ ಬರೆದುಕೊಳ್ಳಬೇಕೆಂಬ ನಿಯಮ 2013ರ ಕ್ರಿಮಿನಲ್ ಕಾನೂನು ತಿದ್ದುಪಡಿಯಲ್ಲೇ ಬಂದಿದೆ. ಬಾಯಿ ಮಾತಿನಲ್ಲಿ ಹೇಳಲಾರದ ಸಾಕ್ಷಿಯು ಸನ್ನೆಯಲ್ಲಿ ಹೇಳಿದ್ದನ್ನು ಬಾಯಿ ಮಾತಿನ ಸಾಕ್ಷ್ಯವೆಂದೇ ನ್ಯಾಯಾಲಯ ಎಣಿಸುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ನಿಲುಕುವ ಸೌಲಭ್ಯವೆಂಬುದು ಇಲಾಖೆಗಳ ಮರ್ಜಿಗೆ ಬಿಟ್ಟ ಸಲಹೆಯಾಗಿ ಉಳಿಯಬಾರದು, ಕಡ್ಡಾಯ ನಿಯಮವಾಗಬೇಕು ಎಂದಿತು.

ಈ ಕಾನೂನು ಕಾಗದದಿಂದ ಎದ್ದು ನಡೆದ ದಿನವೊಂದು ಕರ್ನಾಟಕ ಹೈಕೋರ್ಟಿನ ದಾಖಲೆಯಲ್ಲಿದೆ. ಬೆಂಗಳೂರಿನಲ್ಲಿ ಕಾನೂನು ಓದಿ ವಕೀಲರಾದ ಸಾರಾ ಸನ್ನಿ ಹುಟ್ಟು ಕಿವುಡರು. 2023ರ ಸೆಪ್ಟೆಂಬರಿನಲ್ಲಿ ಅವರು ಸುಪ್ರೀಂ ಕೋರ್ಟಿನ ಆನ್‌ಲೈನ್ ಕಲಾಪಕ್ಕೆ ಹಾಜರಾದಾಗ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ದುಭಾಷಿಗೂ ತೆರೆಯ ಮೇಲೆ ಜಾಗ ಕೊಡಿಸಿದ್ದರು. 2024ರ ಏಪ್ರಿಲಿನಲ್ಲಿ ಸಾರಾ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಪೀಠದ ಮುಂದೆ ಕರ್ನಾಟಕ ಹೈಕೋರ್ಟಿನಲ್ಲಿ ವಾದ ಮಂಡಿಸಿದರು. ಕಪ್ಪು ಕೋಟಿನ ತೋಳುಗಳು ಏಳುತ್ತವೆ, ಇಳಿಯುತ್ತವೆ. ದುಭಾಷಿಯ ದನಿಯಲ್ಲಿ ವಾದ ಹೊರಬರುತ್ತದೆ. ನ್ಯಾಯಮೂರ್ತಿಗಳ ಪ್ರಶ್ನೆ ಕೈಗಳಾಗಿ ಅವರಿಗೆ ಮರಳುತ್ತದೆ. ಕೇಳಿಸದ ವಕೀಲರೊಬ್ಬರ ವಾದವನ್ನು ಸನ್ನೆ ಭಾಷೆಯಲ್ಲಿ ಆಲಿಸಿದ ಮೊದಲ ಹೈಕೋರ್ಟು ಎಂಬ ಹೆಸರು ಅಂದು ಕರ್ನಾಟಕಕ್ಕೆ ಬಂತು. ಕಲಾಪ ನಿಲ್ಲಲಿಲ್ಲ, ನ್ಯಾಯದ ಘನತೆಗೆ ಕುಂದು ಬರಲಿಲ್ಲ. ಒಬ್ಬ ದುಭಾಷಿ ಹೆಚ್ಚಾಗಿ ಇದ್ದರು, ಅಷ್ಟೆ.

ರಾಜ್ಯದ ಅತಿ ಎತ್ತರದ ನ್ಯಾಯಪೀಠಕ್ಕೆ ಸಾಧ್ಯವಾದದ್ದು ಹೋಬಳಿಯ ನಾಡಕಚೇರಿಗೆ ಯಾಕೆ ಅಸಾಧ್ಯ? ತರಬೇತಾದ ದುಭಾಷಿಗಳು ಕಡಿಮೆ ಎಂಬುದು ನಿಜ. ದೆಹಲಿಯ ಕೇಂದ್ರ ನಡೆಸುವ ದುಭಾಷಿ ಡಿಪ್ಲೊಮಾ ಎರಡು ವರ್ಷದ್ದು. ಕಲಿತವರು ಲಕ್ಷಾಂತರ ಕಿವುಡರಿಗೆ ಹಂಚಲು ಬೆರಳೆಣಿಕೆ. ಆದರೆ ಎಲ್ಲ ಕೆಲಸಕ್ಕೂ ದುಭಾಷಿಯೇ ಬೇಕಿಲ್ಲ. ಹೆಸರು ಕೂಗುವ ಜೊತೆಗೆ ಟೋಕನ್ ನಂಬರು ಬೆಳಗುವ ಬೋರ್ಡು ಹಾಕಬಹುದು. ಅದು ಇಲ್ಲದಿದ್ದರೆ ಸ್ಲೇಟಿನ ಮೇಲೆ ನಂಬರು ಬರೆದು ಎತ್ತಿ ಹಿಡಿದರೂ ಆದೀತು. ಮುಖಕ್ಕೆ ಬೆಳಕು ಬೀಳುವ ಹಾಗೆ, ಎದುರಿನವರನ್ನು ನೋಡುತ್ತ, ಕೂಗದೆ ನಿಧಾನವಾಗಿ ಮಾತಾಡುವುದಕ್ಕೆ ಮಂಜೂರಾತಿ ಬೇಕಿಲ್ಲ. ಹತ್ತು ಸಾಲಿನ ಸುತ್ತೋಲೆ ಕನ್ನಡದ ಬದಲು ಎರಡು ಸಾಲಿನ ನೇರ ಕನ್ನಡದಲ್ಲಿ ಬರೆದು ತೋರಿಸಬಹುದು. ಪ್ರತಿ ಗ್ರಾಮ ಪಂಚಾಯಿತಿಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೆಂದು ಗೌರವಧನದ ಮೇಲೆ ದುಡಿಯುವವರಿದ್ದಾರೆ. ಅಂಗವಿಕಲರ ಅರ್ಜಿಗಳನ್ನು ತಾಲ್ಲೂಕಿಗೆ ಮುಟ್ಟಿಸುವ ಅವರಿಗೆ ಸನ್ನೆ ಭಾಷೆ ಕಲಿಸಿ ಗೌರವಧನಕ್ಕೆ ಒಂದಿಷ್ಟು ಸೇರಿಸಿದರೆ ಹಳ್ಳಿಗೊಬ್ಬ ಮಾತಿನ ಜೊತೆಗಾರ ಸಿಗುತ್ತಾನೆ. ಆಸ್ಪತ್ರೆ, ಠಾಣೆ, ನ್ಯಾಯಾಲಯ ಈ ಮೂರು ಜಾಗಗಳಲ್ಲಿ ಮಾತ್ರ ಅರೆಬರೆ ಸಾಲದು. ಅಲ್ಲಿ ಪಕ್ಕಾ ದುಭಾಷಿಯೇ ಇರಬೇಕು, ಎದುರಿಗಾಗದಿದ್ದರೆ ವಿಡಿಯೊದಲ್ಲಿ.

ಅದರ ಖರ್ಚು ಯಾರದು ಎಂಬಲ್ಲಿಗೆ ಬಂದು ಕಡತಗಳು ನಿಲ್ಲುತ್ತವೆ. ದುಭಾಷಿಯ ಖರ್ಚನ್ನು ಇಂದಿಗೂ ಕಲ್ಯಾಣ ಕಾರ್ಯಕ್ರಮದ ತಲೆಬರಹದ ಕೆಳಗೆ, ದಯೆಯ ಲೆಕ್ಕದಲ್ಲಿ ಬರೆಯುವ ರೂಢಿ. ಕೇಳಿಸುವ ಪ್ರಜೆಯೊಡನೆ ಮಾತಾಡಲು ಸರ್ಕಾರ ಮೈಕು ಕೊಳ್ಳುತ್ತದೆ, ಫೋನು ಬಿಲ್ಲು ಕಟ್ಟುತ್ತದೆ, ಮಾಹಿತಿ ಕೌಂಟರಿಗೆ ಸಂಬಳ ಕೊಟ್ಟು ಒಬ್ಬರನ್ನು ಕೂರಿಸುತ್ತದೆ. ಅದನ್ನು ಯಾರೂ ಕಲ್ಯಾಣ ಎಂದು ಕರೆಯುವುದಿಲ್ಲ, ಕಚೇರಿ ವೆಚ್ಚ ಎನ್ನುತ್ತಾರೆ. ಯುಡಿಐಡಿ ಕಾರ್ಡಿನ ಯುವಕನೂ ಅದೇ ತೆರಿಗೆಯ ಸೋಪು ಕೊಂಡು ಅದೇ ಬಸ್ಸಿನಲ್ಲಿ ಬಂದ ಪ್ರಜೆ. ಅವನೊಡನೆ ಮಾತಾಡುವ ಖರ್ಚು ಕೂಡ ಫೋನು ಬಿಲ್ಲಿನ ಪಕ್ಕದ ಸಾಲಿನಲ್ಲೇ, ಕಚೇರಿ ವೆಚ್ಚವೆಂದೇ ಬೀಳಬೇಕು. ಮುಂದಿನ ಬಜೆಟ್ ತಯಾರಿಸುವ ಇಲಾಖೆಗಳಿಗೆ ಆ ಒಂದು ಸಾಲು ಸೇರಿಸಲು ಹೊಸ ಕಾಯ್ದೆ ಬೇಡ, ಇರುವುದೇ ಸಾಕು.